ಹುರಿಯ ಉದ್ದ

ಅದು ಗಂಟೋ, ಗಂಟಿನ ನೆರಳೋ?

ಗಂಟಾಗಿದ್ದರೆ ಮೂವತ್ತೊಂದು. ನೆರಳಾಗಿದ್ದರೆ ಮೂವತ್ತು. ಕ್ಯಾಮರಾಕ್ಕೆ ಬೆನ್ನು ಹಾಕಿ ಕೂತವು ಉಂಡೆಯ ಆ ಬದಿಯಲ್ಲಿ ಇನ್ನೂ ಇದ್ದರೆ ಮೂವತ್ತೈದು, ನಲವತ್ತು, ಎಷ್ಟು ಬೇಕಾದರೂ. ಭೂತಗನ್ನಡಿಯನ್ನು ಫೋಟೋದ ಹತ್ತಿರ ತಂದಷ್ಟೂ ಆ ಕಪ್ಪು ಚುಕ್ಕೆ ದೊಡ್ಡದಾಗುತ್ತಿತ್ತೇ ಹೊರತು ಸ್ಪಷ್ಟವಾಗುತ್ತಿರಲಿಲ್ಲ. ಮೂರು ವಾರದ ಹಿಂದೆ ಈ ಹುರಿ ಇದೇ ಮೇಜಿನ ಮೇಲೆ, ಇದೇ ದೀಪದ ಕೆಳಗೆ, ಗಂಟುಗಳ ಸಮೇತ ಇತ್ತು. ಆಗ ಎಣಿಸಬಹುದಿತ್ತು. ಐದು ನಿಮಿಷದ ಕೆಲಸ. ಅವನು ಎಣಿಸಲಿಲ್ಲ, ಬಿಚ್ಚಿದ.

ಬುಧವಾರ ಮ್ಯೂಸಿಯಮ್ಮಿಗೆ ರಜೆ. ಕಟ್ಟಡದಲ್ಲಿ ಅವನೊಬ್ಬನೇ ಇದ್ದ. ಹಿಂದೆ ಇದು ಐಸ್ ಫ್ಯಾಕ್ಟರಿ. ಕಿಟಕಿಯೇ ಇಲ್ಲದ ಎರಡಡಿ ದಪ್ಪದ ಗೋಡೆ, ಕರಗಿದ ನೀರು ಹರಿದುಹೋಗಲೆಂದು ನೆಲದುದ್ದಕ್ಕೂ ಕೊರೆದ ಕಾಲುವೆ, ಎಳೆದಾಗ ಮುಲುಗುವ ದೊಡ್ಡ ಬಾಗಿಲು. ಫ್ಯಾಕ್ಟರಿ ಮುಚ್ಚಿದ ಮೇಲೆ ಅಲ್ಲಿನ ಮೆಕ್ಯಾನಿಕ್ಕು ಬೀಗದ ಕೈ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಯಾರೂ ವಾಪಸು ಕೇಳಲಿಲ್ಲ. ಮುರಿದ ಒಂದು ಮಗ್ಗ, ದೋಣಿಯ ಎರಡು ಹುಟ್ಟು, ತನ್ನಜ್ಜಿಯ ಬೀಸುವ ಕಲ್ಲು ತಂದಿಟ್ಟು ಬಾಗಿಲ ಮೇಲೆ ‘ನಮ್ಮ ಮನೆ ಸಾಮಾನು’ ಎಂದು ಬಣ್ಣದಲ್ಲಿ ಬರೆದ. ಅಲ್ಲಿಂದ ಶುರುವಾದ ಮ್ಯೂಸಿಯಂ ಇದು. ಜಾನಪದದಲ್ಲಿ ಎಂ.ಎ. ಮುಗಿಸಿ, ಎಲ್ಲಿಯೂ ನಿಲ್ಲದೆ ಊರಿಗೆ ಮರಳಿದ್ದ ಇವನನ್ನು ಮೆಕ್ಯಾನಿಕ್ಕೇ ಕರೆದು ಕೂರಿಸಿದ. ಒಂಬತ್ತು ವರ್ಷದಲ್ಲಿ ಸಾವಿರದ ಮುನ್ನೂರು ವಸ್ತು ಬಂದಿದ್ದವು. ಪ್ರತಿಯೊಂದಕ್ಕೂ ಅವನು ದಾರದಲ್ಲಿ ಒಂದು ಚೀಟಿ ಕಟ್ಟಿದ್ದ: ಏನು, ಯಾರದು, ಯಾವುದರಿಂದ ಮಾಡಿದ್ದು, ಉದ್ದ, ಅಗಲ, ತೂಕ. ಹಾಗಾಗಿ ಊರಿಗೆಲ್ಲ ಅವನು ಚೀಟಿ ಮೇಷ್ಟ್ರು. ಯಾರಿಗೂ ಒಂದಕ್ಷರ ಪಾಠ ಹೇಳಿದವನಲ್ಲ, ಆದರೂ ಮೇಷ್ಟ್ರು. “ಅವರ ಮುಂದೆ ಜಾಸ್ತಿ ಹೊತ್ತು ಅಲ್ಲಾಡ್ದೆ ನಿಲ್ಬೇಡ್ರಪ್ಪಾ, ನಿಮಗೂ ಒಂದು ಚೀಟಿ ಕಟ್ಟಿಬಿಡ್ತಾರೆ,” ಎಂದು ಮೆಕ್ಯಾನಿಕ್ಕು ಬಂದವರಿಗೆಲ್ಲ ಹೇಳುತ್ತಿದ್ದ.

ಹುರಿ ಬಂದದ್ದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ. ತಂದುಕೊಟ್ಟವಳು ಸೂಲಗಿತ್ತಿಯ ಸೊಸೆ. ಸೂಲಗಿತ್ತಿಗೆ ಪಾರ್ಶ್ವವಾಯು ಹೊಡೆದು ಎರಡು ತಿಂಗಳಾಗಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಗ್ಗೆ ಹೋಗಿದ್ದವು. ಕೋಣೆಯಲ್ಲಿ ಮಂಚಕ್ಕೆ ಜಾಗ ಮಾಡುವಾಗ ಡಬ್ಬಿ ಸಿಕ್ಕಿತಂತೆ.

“ನಮ್ಮತ್ತೇದು. ನಿಮಗೆ ಹಳೇದೆಲ್ಲ ಬೇಕಲ್ವಾ, ತಗೊಳ್ಳಿ,” ಎಂದು ಅವಳು ಮೇಜಿನ ಮೇಲೆ ಸುರಿದಳು. ಕತ್ತರಿ, ಹಿತ್ತಾಳೆಯ ಸಣ್ಣ ಬಟ್ಟಲು, ಉಗುರುಜ್ಜುವ ಬ್ರಷ್ಷು, ಮುಷ್ಟಿಗಾತ್ರದ ಒಂದು ಹುರಿಯುಂಡೆ. ಜಿಡ್ಡು ಹತ್ತಿ ಕಪ್ಪಾಗಿತ್ತು.

“ಇದೇನಮ್ಮಾ?”

“ಹೊಕ್ಕುಳಬಳ್ಳಿ ಕಟ್ಟೋಕೆ ಇರ್ಬೇಕು. ನಾನು ಆಸ್ಪತ್ರೇಲಿ ಹೆತ್ತವಳು, ನನ್ನ ಕೇಳಿದ್ರೆ?”

ಅವನು ಹಾಗೆಯೇ ಬರೆದುಕೊಂಡ. ಹುರಿ. ಹತ್ತಿ. ಹೊಕ್ಕುಳಬಳ್ಳಿ ಕಟ್ಟಲು ಬಳಸುತ್ತಿದ್ದುದು. ಸ್ಥಿತಿ: ಕೊಳೆ, ಸಿಕ್ಕು. ಆಮೇಲೆ ಬಂತು ಉದ್ದದ ಕಲಮು. ಸಿಕ್ಕಾದ ಹುರಿಯ ಉದ್ದ ಅಳೆಯುವುದು ಹೇಗೆ? ನೂಲಿನ ವಸ್ತುಗಳ ಬಗ್ಗೆ ಎಂದೋ ಹೋಗಿದ್ದ ತರಬೇತಿಯಲ್ಲಿ ಹೇಳಿದ್ದರು: ಮಡಿಕೆ, ಸಿಕ್ಕು, ಗಂಟು ಹಾಗೆಯೇ ಬಿಟ್ಟರೆ ಅಲ್ಲೇ ನೂಲು ತುಂಡಾಗುತ್ತದೆ, ಎಲ್ಲವನ್ನೂ ಬಿಡಿಸಿ ಸಪಾಟಾಗಿ ಇಡಬೇಕು. ಅವನು ಆ ಟಿಪ್ಪಣಿ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದ. ಮೊದಲು ಒಂದು ಫೋಟೋ ತೆಗೆದ. ಒಂದೇ ಒಂದು, ಮೇಲಿನಿಂದ. ಉಂಡೆಯನ್ನು ಶುದ್ಧ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮರುದಿನದಿಂದ ಮೂಳೆಯ ಸೂಜಿ ಹಿಡಿದು ಕೂತ. ಮೂರು ದಿನ. ಗಂಟುಗಳು ಕಲ್ಲಿನಂತೆ ಬಿಗಿದಿದ್ದವು. ಒಂದೊಂದಕ್ಕೂ ಅರ್ಧ ಗಂಟೆ, ಕೆಲವಕ್ಕೆ ಒಂದು ಗಂಟೆ. ಒಂದು ಎಳೆಯೂ ಹರಿಯಲಿಲ್ಲ. ಎರಡನೆಯ ದಿನ, ಚಹಾಕ್ಕೆ ಏಳುವ ಹೊತ್ತಿಗೆ, ಒಂದು ಮಾತ್ರ ಅವನ ಕೈಗೆ ತಾನಾಗಿ ಒಲಿದಂತೆ ಬಂತು: ಅದು ಗಂಟಾಗಿರಲಿಲ್ಲ, ಬೂಟಿನ ಲೇಸಿಗೆ ಹಾಕುವಂಥ ಕುಣಿಕೆ. ತುದಿ ಹಿಡಿದು ಎಳೆದ ಕೂಡಲೇ ಸರ್ರನೆ ಬಿಚ್ಚಿಕೊಂಡಿತು. ಅವನಿಗೆ ಎಷ್ಟು ಹಗುರವೆನಿಸಿತೆಂದರೆ ಆ ಚಹಾದ ರುಚಿಯೂ ನೆನಪಿತ್ತು.

ಕೊನೆಗೆ ಹುರಿಯನ್ನು ಹರವಿ, ಮೇಲೆ ಗಾಜಿನ ಭಾರ ಹೇರಿ, ಸುಕ್ಕೆಲ್ಲ ಹೋಗುವ ತನಕ ಒಣಗಿಸಿದ. ಎಲ್ಲಿ ಗಂಟಿತ್ತು ಎಂಬ ಗುರುತು ಎಲ್ಲಿಯೂ ಉಳಿಯಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದ ಕೆಲಸ. ಉದ್ದದ ಕಲಮಿನಲ್ಲಿ ಬರೆದ: ಹನ್ನೊಂದು ಮೀಟರ್ ಇಪ್ಪತ್ತು.

ವಾರ ಕಳೆದ ಮೇಲೆ ಇಸ್ತ್ರಿ ಅಂಗಡಿಯವಳು ಬಂದಳು. ಮ್ಯೂಸಿಯಮ್ಮಿನ ಎದುರು ರಸ್ತೆಯಲ್ಲೇ ಅವಳ ಅಂಗಡಿ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಒಳಗೆ ಕಾಲಿಟ್ಟವಳಲ್ಲ. ಅರವತ್ತು ದಾಟಿದ ಹೆಂಗಸು, ಮುಂಗೈಯ ಮೇಲೆಲ್ಲ ಸುಟ್ಟ ಕಲೆ. ಮಗ್ಗ, ಹುಟ್ಟು, ತೊಟ್ಟಿಲು ಯಾವುದನ್ನೂ ನೋಡದೆ ನೇರ ಮೇಜಿನ ಹತ್ತಿರ ಬಂದಳು.

“ಸೂಲಗಿತ್ತಿ ಹುರಿ ನಿಮ್ಮ ಹತ್ರ ಬಂದಿದೆ ಅಂತಲ್ಲ ಮೇಷ್ಟ್ರೇ. ಒಂದು ಸಲ ಕೊಡಿ, ಮುಟ್ಟಿ ಕೊಡ್ತೀನಿ.”

“ಯಾಕಕ್ಕಾ?”

“ಯಾಕೆ ಅಂದ್ರೆ?” ಅವಳು ಅವನ ಮುಖವನ್ನೇ ನೋಡಿದಳು. “ನಿಮಗೆ ಗೊತ್ತಿಲ್ವಾ? ಇಷ್ಟೊಂದು ಓದಿದ್ದೀರಿ.”

ಆಮೇಲೆ ಸ್ಟೂಲಿನ ಮೇಲೆ ಕೂತು ಹೇಳಿದಳು. ಹುಟ್ಟಿ ಉಳಿಯದ ಮಕ್ಕಳು ಅವು. ಉಸಿರೇ ಇಲ್ಲದೆ ಬಂದವು, ಒಂದು ತಾಸು ಇದ್ದು ಹೋದವು. ಅವಕ್ಕೆ ಹೆಸರಿಡುವ ಹೊತ್ತಿರಲಿಲ್ಲ, ಕಲ್ಲು ನೆಡುವಷ್ಟು ಯಾರಿಗೂ ಮನಸ್ಸಿರಲಿಲ್ಲ. ಗಂಡಸರು ಬಟ್ಟೆಯಲ್ಲಿ ಸುತ್ತಿ ಒಯ್ದು ಎಲ್ಲೋ ಮಣ್ಣು ಮಾಡಿ ಬರುತ್ತಿದ್ದರು. ಎಲ್ಲಿ ಅಂತ ತಾಯಿಗೆ ಹೇಳುತ್ತಿರಲಿಲ್ಲ. ಸೂಲಗಿತ್ತಿ ಮಾತ್ರ ಅದೇ ದಿನ ಹುರಿಯಲ್ಲಿ ಒಂದು ಗಂಟು ಹಾಕುತ್ತಿದ್ದಳು. ಎಷ್ಟೋ ವರ್ಷವಾದ ಮೇಲೆ ತಾಯಿ ಹುಡುಕಿಕೊಂಡು ಹೋದರೂ ಅವಳ ಬೆರಳು ಹಿಡಿದು ಅವಳ ಗಂಟಿನ ಮೇಲೆ ಇಡುತ್ತಿದ್ದಳು.

“ನಂದು ದಪ್ಪ ತುದಿಯಿಂದ ಎಂಟನೇದು,” ಎಂದಳು. “ವರ್ಷಕ್ಕೊಂದು ಸಲ ಹೋಗ್ತಿದ್ದೆ. ಏನೂ ಮಾತಿಲ್ಲ. ಮುಟ್ಟೋದು, ಬರೋದು.”

ಹುರಿ ಅವಳ ಹಿಂದಿನ ಕಪಾಟಿನಲ್ಲೇ ಇತ್ತು, ಬಿಳಿ ರಟ್ಟಿಗೆ ಒಪ್ಪವಾಗಿ ಸುತ್ತಿಕೊಂಡು.

“ಅದು... ಔಷಧಿ ಹಾಕಿಟ್ಟಿದ್ದೀವಿ ಅಕ್ಕಾ. ಹುಳ ಬೀಳದ ಹಾಗೆ. ಈಗ ಮುಟ್ಟೋ ಹಾಗಿಲ್ಲ.”

ಒಂಬತ್ತು ವರ್ಷ ಅವನು ಮನೆಮನೆ ತಿರುಗಿದ್ದ. ಹಾಡು ಕೇಳಿದ್ದ, ಕಥೆ ಕೇಳಿದ್ದ, ನೇಗಿಲಿನ ಒಂದೊಂದು ಭಾಗಕ್ಕೂ ಏನೆನ್ನುತ್ತಾರೆ ಎಂದು ಕೇಳಿದ್ದ. ಹಜಾರದಲ್ಲಿ ಗಂಡಸರು ಉತ್ತರ ಹೇಳುತ್ತಿದ್ದರು, ಹೆಂಗಸರು ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದರು. ಅವರ ಮೌನವನ್ನು ಅವನು ಗೌರವಿಸುತ್ತಿದ್ದ. ಹಾಗಂತ ತಾನೇ ಅಂದುಕೊಂಡಿದ್ದ. ಒಂದು ಸಲವೂ ಒಳಗೆ ಹೋಗಿ ಏನನ್ನೂ ಕೇಳಿರಲಿಲ್ಲ.

ಮೆಕ್ಯಾನಿಕ್ಕಿಗೆ ವಿಷಯ ಗೊತ್ತಾಗಲು ಒಂದು ಗಂಟೆ ಹಿಡಿಯಲಿಲ್ಲ. ಕೈಗೆ ಹತ್ತಿದ್ದ ಗ್ರೀಸನ್ನೂ ಒರೆಸಿಕೊಳ್ಳದೆ ಓಡಿಬಂದ.

“ಅಲ್ರೀ ಮೇಷ್ಟ್ರೇ, ಇಂಥಾದ್ದು ಒಂದು ಬಂದಿದೆ ಅಂತ ಬಾಯಿ ಬಿಡಬಾರ್ದಾ? ನಮ್ಮನೇವಳದ್ದೂ ಒಂದಿದೆ ಅದರಲ್ಲಿ. ಮದುವೆಯಾಗಿ ನಲವತ್ತೆರಡು ವರ್ಷ, ಇವತ್ತು ಬೆಳಗ್ಗೆ ಹೇಳ್ತಾಳೆ!” ಅವನು ಸ್ವಲ್ಪ ಹೊತ್ತು ನೆಲದ ಕಾಲುವೆಯನ್ನೇ ನೋಡುತ್ತ ನಿಂತ. “ನಾನೇ ಎತ್ಕೊಂಡು ಹೋಗಿದ್ದು ಮಣ್ಣು ಮಾಡೋಕೆ. ಬಂದು ಊಟ ಮಾಡಿ ಡ್ಯೂಟಿಗೆ ಹೋದೆ ಕಣ್ರೀ.”

ಮರುಕ್ಷಣ ಮತ್ತೆ ಎಂದಿನ ಮೆಕ್ಯಾನಿಕ್ಕಾದ. “ಬರೋ ಭಾನುವಾರದ ಮುಂದಿನ ಭಾನುವಾರ. ಎಲ್ಲರೂ ಬರ್ಲಿ. ನಾನು ಹೇಳಿಬಿಟ್ಟಿದ್ದೀನಿ. ನಿಮ್ಮ ಔಷಧಿ ಗಿವ್ಷಧಿ ಅಷ್ಟರಲ್ಲಿ ಮುಗಿಸಿ.”

ಆಗ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಮೆಕ್ಯಾನಿಕ್ಕು ಆಗಲೇ ಬಾಗಿಲು ದಾಟಿದ್ದ.

ಸೂಲಗಿತ್ತಿಯ ಮನೆಗೆ ಅವನು ಹೋದದ್ದು ಮಂಗಳವಾರ ಮಧ್ಯಾಹ್ನ. ಬ್ಯಾಗಿನಲ್ಲಿ ಬರಿಯ ಹುರಿ. ಅವಳ ಎಡಗೈ ಸರಿಯಿದೆಯಲ್ಲ ಎಂಬ ಒಂದು ಹುಚ್ಚು ಆಸೆ. ಯಾವ ಗಂಟು ಎಲ್ಲಿತ್ತೆಂದು ತೋರಿಸಿದರೂ ಸಾಕು, ಉಳಿದದ್ದನ್ನು ತಾನು ಕಟ್ಟುತ್ತೇನೆ.

“ಕಿವಿ ಚೆನ್ನಾಗಿ ಕೇಳುತ್ತೆ, ಮಾತಾಡಿ,” ಎಂದಳು ಸೊಸೆ, ಅತ್ತೆಯ ತಲೆದಿಂಬು ಸರಿಮಾಡುತ್ತ. “ನಲವತ್ತು ವರ್ಷ ಹೆರೋ ಹೆಂಗಸರಿಗೆಲ್ಲ ಮುಕ್ಕು, ಮುಕ್ಕು ಅಂತ ಕಿರುಚಿದ್ದಾರಲ್ಲ, ಈಗ ಗಂಟಲಿಗೆ ರಜಾ.” ಅತ್ತೆಯ ಬಾಯಿಯ ಎಡತುದಿ ಒಂದಿಷ್ಟು ಮೇಲೆ ಹೋಯಿತು. ಸೊಸೆ ಬಟ್ಟೆ ಹಿಂಡಲು ಹಿತ್ತಿಲಿಗೆ ಹೋದಳು.

ಕೋಣೆಯಲ್ಲಿ ಔಷಧಿಯ, ಒದ್ದೆ ಬಟ್ಟೆಯ ವಾಸನೆ. ಅವನು ಹುರಿಯ ದಪ್ಪ ತುದಿಯನ್ನು ಅವಳ ಎಡಗೈಗೆ ಕೊಟ್ಟ. ಮುದುಕಿಯ ಬೆರಳುಗಳಿಗೆ ಅದು ಏನೆಂದು ತಕ್ಷಣ ಗೊತ್ತಾಯಿತು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹುರಿಯನ್ನು ಸರಿಸತೊಡಗಿದಳು. ಒಂದು ಗೇಣು ಸರಿಯಿತು. ಇನ್ನೊಂದು ಗೇಣು. ಬೆರಳು ನಿಂತವು, ಹಿಂದಕ್ಕೆ ಹೋದವು, ಮತ್ತೆ ಅಲ್ಲಿಂದಲೇ ಬಂದವು. ಆಮೇಲೆ ನಿಲ್ಲಲಿಲ್ಲ. ಹುರಿ ಅವಳ ಎದೆಯ ಮೇಲೆ, ಹೊದಿಕೆಯ ಮೇಲೆ, ಮಂಚದಿಂದ ಕೆಳಗೆ ಸುರುಳಿ ಸುರುಳಿಯಾಗಿ ಬಿದ್ದಿತು. ಹನ್ನೊಂದು ಮೀಟರ್ ಇಪ್ಪತ್ತು. ಕೊನೆಯ ತುದಿ ಬೆರಳಿನಿಂದ ಜಾರಿದ ಮೇಲೂ ಬೆರಳುಗಳು ಏನನ್ನೋ ಸರಿಸುತ್ತಲೇ ಇದ್ದವು.

“ಅಜ್ಜೀ, ನಂಗೆ ಗೊತ್ತಿರ್ಲಿಲ್ಲ,” ಎಂದ. “ಎಲ್ಲೆಲ್ಲಿತ್ತು ಅಂತ ತೋರ್ಸಿ. ಒಂದೇ ಒಂದು ಸಲ.”

ಅವಳು ಅವನನ್ನು ನೋಡಿದಳು. ಸಿಟ್ಟು ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತು ನೋಡಿ, ಸರಿಯಿದ್ದ ಅರ್ಧ ಮೈಯ ಬಲದಿಂದ ಕತ್ತನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಅವನು ಮಂಡಿಯೂರಿ ನೆಲದ ಮೇಲಿನ ಹುರಿಯನ್ನೆಲ್ಲ ಬಾಚಿಕೊಂಡ.

ಮರುದಿನ, ಅಂದರೆ ಈ ಬುಧವಾರ, ಬೆಳಗ್ಗೆ ಮನೆಯಿಂದ ಹೊರಡುವಾಗ ತಾಯಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮೂವತ್ತು ವರ್ಷದಿಂದ ಅವಳು ದರ್ಜಿ ಅಂಗಡಿಗಳ ಅಂಚು ಹೊಲಿಗೆ, ಗುಂಡಿ, ಕಾಜಾ ಹಾಕುವ ಕೆಲಸ ತಂದು ಮನೆಯಲ್ಲೇ ಮಾಡುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಒಬ್ಬನೇ ಮಗ. ಇಬ್ಬರೂ ಮಾತು ಕಡಿಮೆ. ಅದರ ಜಾಗದಲ್ಲಿ ಯಂತ್ರದ ಸದ್ದು ಇರುತ್ತಿತ್ತು.

“ಭಾನುವಾರ ನಾನೂ ಬರ್ತೀನಿ,” ಎಂದಳು, ಸೂಜಿಯಿಂದ ಕಣ್ಣು ಎತ್ತದೆ.

“ಎಲ್ಲಿಗೆ?”

“ನಿನ್ನ ಐಸ್ ಪೆಟ್ಟಿಗೆಗೆ. ಒಂಬತ್ತು ವರ್ಷದಿಂದ ಬಾ ಬಾ ಅಂತಿದ್ದೀಯಲ್ಲ. ಈಗ ಬೇಡ್ವಾ?”

“ಬಾ. ಆದ್ರೆ ಅವತ್ತು ತುಂಬಾ ಜನ.”

“ಅವರೆಲ್ಲ ಯಾಕೆ ಬರ್ತಾರೋ ಅದಕ್ಕೇ ನಾನೂ ಬರೋದು,” ಎಂದು ಅವಳು ಯಂತ್ರ ತುಳಿಯತೊಡಗಿದಳು. ಅವನು ಹೊಸಿಲ ಮೇಲೆ ನಿಂತೇ ಇದ್ದ. ಏನನ್ನೂ ಕೇಳಲಿಲ್ಲ. ಆ ಮನೆಯಲ್ಲಿ ಕೇಳುವ ಪದ್ಧತಿ ಇರಲಿಲ್ಲ.

ಹೀಗಾಗಿ ಈಗ, ರಜೆಯ ದಿನ, ಭೂತಗನ್ನಡಿ. ತನಗೊಬ್ಬ ಅಣ್ಣನೋ ಅಕ್ಕನೋ ಇದ್ದಿರಬೇಕು ಎಂಬ ಯೋಚನೆ ಮನಸ್ಸಿನಲ್ಲಿ ಸುಳಿದಾಗಲೆಲ್ಲ ಅವನು ಫೋಟೋದ ಮೇಲೆ ಇನ್ನಷ್ಟು ಬಗ್ಗುತ್ತಿದ್ದ. ಭಾನುವಾರ ಆ ಹೆಂಗಸರ ಮುಂದೆ ಖಾಲಿ ಹುರಿಯನ್ನು ಹಿಡಿದು ನಿಂತು ನಿಜ ಹೇಳುವುದು ಒಂದು ದಾರಿ. ನಿಜ ಹೇಳಿ ಅವರಿಗೆ ಏನು ಕೊಟ್ಟ ಹಾಗಾಯಿತು? ತಪ್ಪೊಪ್ಪಿಕೊಂಡು ತಾನು ಹಗುರಾಗಬಹುದು. ಇಸ್ತ್ರಿ ಅಂಗಡಿಯವಳು ತನ್ನ ಬೆರಳನ್ನು ಎಲ್ಲಿಡಬೇಕು? ಹೀಗೆಂದು ತನಗೆ ತಾನೇ ಹೇಳಿಕೊಂಡ. ಇದರಲ್ಲಿ ಅವರ ಮೇಲಿನ ಕರುಣೆ ಎಷ್ಟು, ತನ್ನ ಮುಖ ಉಳಿಸಿಕೊಳ್ಳುವ ಆಸೆ ಎಷ್ಟು ಎಂದು ಬೇರೆ ಮಾಡಲು ಅವನಿಗೆ ಆಗಲಿಲ್ಲ. ಸಿಕ್ಕು ಬಿಡಿಸುವುದರಲ್ಲಿ ಪಳಗಿದವನು.

ಚುಕ್ಕೆಯನ್ನು ಗಂಟೆಂದೇ ತೀರ್ಮಾನಿಸಿದ. ಮೂವತ್ತೊಂದು.

ಕಟ್ಟಲು ಮೂರು ದಿನ ಬೇಕಾಗಲಿಲ್ಲ. ಸಂಜೆ ನಾಲ್ಕರೊಳಗೆ ಮುಗಿಯಿತು. ಒಂದೊಂದು ಗೇಣಿಗೆ ಒಂದರಂತೆ, ನಡುನಡುವೆ ಬೇಕೆಂದೇ ಅಂತರ ಹೆಚ್ಚುಕಡಿಮೆ ಮಾಡಿ, ಇಕ್ಕಳದಿಂದ ಎಳೆದು ಬಿಗಿದ. ಮೆಕ್ಯಾನಿಕ್ಕಿನ ಡಬ್ಬದಿಂದ ಹಳೆಯ ಗ್ರೀಸು ತಂದು, ಮಸಿ ಬೆರೆಸಿ, ಕೈಯಿಂದ ತಿಕ್ಕಿದ. ಹಳೆಯದರ ಹಾಗೆಯೇ ಕಂಡಿತು. ಚೀಟಿಯನ್ನೂ ಹೊಸದಾಗಿ ಬರೆದ. ಉದ್ದದ ಕಲಮನ್ನು ಖಾಲಿ ಬಿಟ್ಟ. ಕೆಳಗೆ ಬರೆದ: ಒಟ್ಟು ಗಂಟುಗಳು, ಮೂವತ್ತೊಂದು.

ಭಾನುವಾರ ಹತ್ತು ಗಂಟೆಗೇ ಹೆಂಗಸರು ಬಂದರು. ಹತ್ತೊಂಬತ್ತು ಜನ. ಕೆಲವರು ಕೋಲೂರಿಕೊಂಡು, ಒಬ್ಬಳು ಮಗಳ ಭುಜ ಹಿಡಿದು. ಗಂಡಸರಲ್ಲಿ ಮೆಕ್ಯಾನಿಕ್ಕು ಮತ್ತು ಅವನು ಮಾತ್ರ. ಹುರಿಯನ್ನು ಉದ್ದನೆಯ ಮೇಜಿನ ಮೇಲೆ ಹಾವಿನಂತೆ ಹರವಿಟ್ಟಿದ್ದ.

“ಸಾಲಾಗಿ ಬನ್ರಮ್ಮಾ, ನಲ್ಲಿ ಮುಂದೆ ನಿಂತ ಹಾಗೆ ಜಗಳ ಬೇಡ,” ಎಂದ ಮೆಕ್ಯಾನಿಕ್ಕು.

“ನೀನು ಸುಮ್ನೆ ಬಾಗಿಲ ಹತ್ರ ಹೋಗಿ ನಿಲ್ಲು,” ಎಂದಳು ಅವನ ಹೆಂಡತಿ. ಎಲ್ಲರೂ ನಕ್ಕರು. ಅವನು ಬಾಗಿಲ ಹತ್ತಿರ ಹೋಗಿ ನಿಂತ.

ಇಸ್ತ್ರಿ ಅಂಗಡಿಯವಳು ಮೊದಲು ಬಂದಳು. ದಪ್ಪ ತುದಿಯಿಂದ ತುಟಿಯಲ್ಲೇ ಎಣಿಸುತ್ತ ಎಂಟನೆಯದಕ್ಕೆ ಬಂದು, ಸುಟ್ಟ ಕಲೆಗಳ ಕೈಯನ್ನು ಅದರ ಮೇಲಿಟ್ಟು ಕಣ್ಣು ಮುಚ್ಚಿದಳು. ಹೆಬ್ಬೆರಳಿನಿಂದ ಅದನ್ನು ಒಂದು ಸಲ ಸವರಿದಳು, ಹಣೆ ಸವರುವ ಹಾಗೆ. ಬುಧವಾರ ಮೂರು ಗಂಟೆಗೆ ಅವನು ಇಕ್ಕಳದಲ್ಲಿ ಬಿಗಿದಿದ್ದ ಗಂಟು ಅದು. “ಇಲ್ಲೇ ಇದೆ,” ಎಂದಳು, ಯಾರಿಗೋ ಸಮಾಧಾನ ಹೇಳುವಂತೆ. ಅವನು ಗೋಡೆಯ ಕಡೆ ನೋಡಿದ.

ಹಾಗೆ ಒಬ್ಬೊಬ್ಬರೇ. ಒಬ್ಬಳಿಗೆ ಎರಡು ಗಂಟು ಇದ್ದವು, ಎರಡೂ ಕೈಯಿಂದ ಎರಡನ್ನೂ ಹಿಡಿದು ನಿಂತಳು. ಮೆಕ್ಯಾನಿಕ್ಕಿನ ಹೆಂಡತಿ ಇಪ್ಪತ್ತೆರಡನೆಯದನ್ನು ಹುಡುಕಿ, ಬಾಗಿಲ ಕಡೆ ತಿರುಗಿ, “ಬಾ, ಈಗ ಬಾ ನೀನು,” ಎಂದಳು. ಮೆಕ್ಯಾನಿಕ್ಕು ಬಂದ. ಅವನ ಗ್ರೀಸು ಕೂತ ಉಗುರು ಆ ಗಂಟಿನ ಮೇಲಿನ ಗ್ರೀಸಿಗೆ ತಾಗಿತು.

ಕೋಲೂರಿಕೊಂಡು ಬಂದಿದ್ದ ಮುದುಕಿ ಮಾತ್ರ ಕೊನೆಯ ತನಕ ಎಣಿಸಿ, ಮತ್ತೆ ಮೊದಲಿನಿಂದ ಎಣಿಸಿದಳು. “ನಂದು ಮೂವತ್ತಮೂರು ಅಂದಿದ್ಲಲ್ಲ ಅವಳು. ಇಲ್ಲಿ ಮೂವತ್ತೊಂದೇ ಇದೆ.”

ಅವನು ಚೀಟಿಯನ್ನು ಮಗುಚಿಟ್ಟ.

“ಚಿಕ್ಕಮ್ಮಾ, ನಿಂಗೆ ಆವಾಗ್ಲೇ ಲೆಕ್ಕ ಬರ್ತಿರ್ಲಿಲ್ಲ, ಈಗೆಲ್ಲಿಂದ ಬರ್ಬೇಕು?” ಎಂದಳು ಇನ್ನೊಬ್ಬಳು. ಮುದುಕಿಯೂ ನಗತೊಡಗಿದಳು. “ಅದೂ ನಿಜ ಬಿಡು,” ಎಂದು ಕೊನೆಯ ಗಂಟನ್ನು ಮುಟ್ಟಿ ಸರಿದು ನಿಂತಳು. ಸರಿದ ಮೇಲೂ ಅವಳ ಬೆರಳುಗಳು ಮಡಚಿ ಬಿಚ್ಚಿ ಲೆಕ್ಕ ಹಾಕುತ್ತಲೇ ಇದ್ದವು.

ಅವನ ತಾಯಿ ಎಲ್ಲರೂ ಮುಗಿಸುವ ತನಕ ಕಾದಳು. ಹೆಂಗಸರು ಚಹಾ ಲೋಟ ಹಿಡಿದು ಮಗ್ಗದ ಸುತ್ತ ಕೂತ ಮೇಲೆ ಮೇಜಿನ ಹತ್ತಿರ ಬಂದಳು. ಎಣಿಸಿದಳು. ಹದಿನಾಲ್ಕರ ಮೇಲೆ ಬೆರಳು ನಿಂತಿತು. ಹದಿಮೂರಕ್ಕೆ ಹೋಯಿತು, ಹದಿನೈದಕ್ಕೆ ಬಂತು. ಆಮೇಲೆ ಅವಳು ಹುರಿಯನ್ನು ಮೊದಲಿನಿಂದ ಕೊನೆಯವರೆಗೂ ಎರಡು ಬೆರಳ ನಡುವೆ ಸರಿಸುತ್ತ ಹೋದಳು, ಬಟ್ಟೆಯ ಅಂಚಿನಲ್ಲಿ ತಪ್ಪಿದ ಹೊಲಿಗೆ ಹುಡುಕುವಾಗ ಸರಿಸುವಂತೆ. ಅವನು ಪಕ್ಕದಲ್ಲೇ ನಿಂತಿದ್ದ.

“ಏನಮ್ಮಾ?”

“ನಂದು ಗಂಟಲ್ಲ,” ಎಂದಳು ಮೆಲ್ಲಗೆ, ಉಳಿದವರಿಗೆ ಕೇಳಿಸದ ಹಾಗೆ. “ಕುಣಿಕೆ.”

ಅವನು ಹೆಂಗಸರ ಕಡೆಗೆ ಬೆನ್ನು ಮಾಡಿ ನಿಂತ.

“ನೀವಿಬ್ರು. ಮೊದಲು ಬಂದವನು ಅಳಲಿಲ್ಲ. ನೀನು ಅತ್ತೆ. ನಿಮ್ಮಪ್ಪ ಹೇಳಬೇಡ ಅಂದ್ರು, ಮಗು ಮನಸ್ಸಿಗೆ ತಗೊಳ್ಳುತ್ತೆ ಅಂತ. ಆಮೇಲೆ ಹೇಳೋ ಹೊತ್ತು ಮೀರಿಹೋಯ್ತು.” ಅವಳ ಬೆರಳು ಇನ್ನೂ ಹುರಿಯ ಮೇಲೇ ಇತ್ತು. “ಸೂಲಗಿತ್ತಿ ಹುರಿ ತಂದು ನನ್ನ ಮುಂದೇನೇ ಕೂತ್ಲು. ಇನ್ನೊಂದು ಪಕ್ಕದಲ್ಲಿ ಮಲಗಿ ಕಿರುಚ್ತಿದೆ ಕಣೇ, ಬಿಗಿಯಾಗಿ ಕಟ್ಟೋಕೆ ಕೈ ಬರ್ತಿಲ್ಲ, ಕುಣಿಕೆ ಹಾಕಿರ್ತೀನಿ ಅಂದ್ಲು. ಹದಿನಾಲ್ಕನೇದು. ಜ್ವರದಲ್ಲಿದ್ದೆ, ಅವಳು ಕಟ್ಟೋದು ಕಣ್ಣಿಗೆ ಕಾಣ್ಲಿಲ್ಲ. ಆಮೇಲೆ ಹೋಗಿ ನೋಡೋಕೆ ಧೈರ್ಯ ಬರ್ಲಿಲ್ಲ. ಇದೆ ಅಂತ ಗೊತ್ತಿತ್ತಲ್ಲ, ಅಷ್ಟು ಸಾಕಾಗಿತ್ತು. ಮೂವತ್ತೆಂಟು ವರ್ಷ.”

ಎರಡನೆಯ ದಿನ. ಚಹಾದ ಹೊತ್ತು. ಎಳೆದ ಕೂಡಲೇ ಸರ್ರನೆ ಬಂದಿತ್ತು.

ಅವಳು ಒಂದು ಗಂಟನ್ನು ಉಗುರಿನಿಂದ ಮೀಟಿ, ಬೆಳಕಿಗೆ ಹಿಡಿದು ನೋಡಿದಳು. ದಾರದ ಜೊತೆ ಜೀವ ತೇದ ಕಣ್ಣು. “ಇವೆಲ್ಲ ಒಂದೇ ಕೈ, ಒಂದೇ ಬಿಗಿ,” ಎಂದಳು. “ಬೇರೆ ಬೇರೆ ವರ್ಷ ಕಟ್ಟಿದ್ದು ಹೀಗಿರಲ್ಲ ಕಂದಾ. ಒಂದೇ ದಿನ ಕೂತು ಕಟ್ಟಿದ್ದಾಳೆ.”

ಈಗ ಅವಳು ತನ್ನ ಕಡೆ ತಿರುಗುತ್ತಾಳೆ, ಅಷ್ಟಕ್ಕೇ ಮುಗಿಯಿತು ಎಂದುಕೊಂಡ. ಮುಗಿಯಲಿ ಎಂದೂ ಅನ್ನಿಸಿತು.

ತಾಯಿ ಹುರಿಯನ್ನು ಮೇಜಿನ ಮೇಲಿಟ್ಟಳು. “ಹೆಂಗಸರಿಗೆ ತೋರ್ಸೋಕೆ ಅಂತ ಯಾವತ್ತೋ ಒಂದು ದಿನ ಕಟ್ಕೊಂಡಿದ್ದಾಳೆ ಮುದುಕಿ. ಬಂದವರ ಬೆರಳು ಹಿಡಿದು ಯಾವುದೋ ಒಂದರ ಮೇಲೆ ಇಡೋದು. ನಂದು ಕಟ್ಟೇ ಇರ್ಲಿಲ್ಲ.” ಮಗ್ಗದ ಕಡೆ, ಚಹಾ ಕುಡಿಯುತ್ತಿದ್ದ ಹೆಂಗಸರ ಕಡೆ ನೋಡಿದಳು. ಇಸ್ತ್ರಿ ಅಂಗಡಿಯವಳು ಯಾವುದೋ ಮಾತಿಗೆ ಜೋರಾಗಿ ನಗುತ್ತಿದ್ದಳು. “ಇವರಿಗೆ ಹೇಳಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಇರ್ಲಿ ಅವರಿಗೆ.”

“ಅಮ್ಮಾ...”

“ಮನೆಗೆ ಹೋಗೋಣ. ಅಂಚು ಹೊಲಿಯೋದು ರಾಶಿ ಬಿದ್ದಿದೆ.”

ದಾರಿಯುದ್ದಕ್ಕೂ ಅವಳು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಬೇಕರಿ ದಾಟಿದರು, ಸೈಕಲ್ ಅಂಗಡಿ ದಾಟಿದರು, ಸೇತುವೆ ದಾಟಿದರು. ಸೇತುವೆಯ ಮೇಲೆ ಅವಳು ಒಮ್ಮೆ ನಿಂತಳು. ಅವನೂ ನಿಂತ. ಆ ನಿಮಿಷ ಅವನಿಗೆ ಇಡೀ ಮಾತು ಸಿದ್ಧವಾಗಿತ್ತು, ಶಬ್ದ ಶಬ್ದವಾಗಿ ಜೋಡಿಸಿಟ್ಟುಕೊಂಡಿದ್ದ. ಅವಳು ಚಪ್ಪಲಿಯಲ್ಲಿ ಸಿಕ್ಕಿದ್ದ ಕಲ್ಲು ತೆಗೆದು ಬಿಸಾಡಿ ನಡೆದಳು.

ಸೂಲಗಿತ್ತಿ ಹನ್ನೊಂದು ದಿನದ ಮೇಲೆ ತೀರಿಕೊಂಡಳು. ಊರಿಗೆ ಊರೇ ಹೊರಟಿತು. ಅವಳ ಕೈಯಲ್ಲಿ ಹುಟ್ಟಿದವರೇ ಹೆಗಲು ಕೊಟ್ಟರು, ಮೆಕ್ಯಾನಿಕ್ಕು ಎಲ್ಲರಿಗಿಂತ ಮುಂದಿದ್ದ. ಹೆಣ ತಾಯಿ ಮಗನ ಮನೆಯ ಬೀದಿಯಲ್ಲೇ ಹಾದುಹೋಗಬೇಕಿತ್ತು. ಅವನು ಬಾಗಿಲಲ್ಲಿ ನಿಂತು ತಾಯಿಯನ್ನು ಕರೆದ.

“ನೀನು ಹೋಗಿ ಬಾ. ನಂಗೆ ಹೊಲಿಗೆ ಇದೆ,” ಎಂದಳು.

“ಅಮ್ಮಾ, ಅವಳು ನಿನ್ನ ಬಾಣಂತನ ಮಾಡಿದವಳು.”

“ಸುಳ್ಳು ಹೇಳಿದವಳು.”

ಮೆರವಣಿಗೆ ಮನೆಯ ಮುಂದೆ ಬಂದಾಗ ಒಳಗೆ ಯಂತ್ರದ ಸದ್ದು ಜೋರಾಯಿತು. ಹೊತ್ತವರಲ್ಲಿ ಒಬ್ಬಿಬ್ಬರು ತಿರುಗಿ ನೋಡಿದರು. ಸೊಸೆ ಕೂಡ ನೋಡಿದಳು, ಅವಳ ಮುಖ ಸಣ್ಣದಾಯಿತು. ಅವನು ಹೊಸಿಲ ಮೇಲೆ ನಿಂತಿದ್ದ. ಒಳಗೆ ಹೋಗಲಿಲ್ಲ, ಬೀದಿಗೂ ಇಳಿಯಲಿಲ್ಲ.

ಹುರಿ ಈಗ ಮ್ಯೂಸಿಯಮ್ಮಿನ ನಡುಕೋಣೆಯಲ್ಲಿ ಗಾಜಿನೊಳಗಿದೆ. ದೂರದ ಊರುಗಳಿಂದಲೂ ಜನ ಬರುತ್ತಾರೆ. ವರ್ಷಕ್ಕೊಮ್ಮೆ ಗಾಜು ತೆಗೆದು ಹೆಂಗಸರಿಗೆ ಮುಟ್ಟಲು ಕೊಡುತ್ತಾರೆ. ಬರುವವರ ಸಂಖ್ಯೆ ಪ್ರತಿ ವರ್ಷ ಒಂದೋ ಎರಡೋ ಕಡಿಮೆಯಾಗುತ್ತದೆ. ತಾಯಿ ಮತ್ತೆ ಯಾವತ್ತೂ ಬರಲಿಲ್ಲ. ಸೂಲಗಿತ್ತಿಯ ಸೊಸೆ ಎದುರು ಸಿಕ್ಕರೆ ತಾಯಿ ರಸ್ತೆಯ ಆ ಬದಿಗೆ ಹೋಗುತ್ತಾಳೆ. ಒಮ್ಮೆ ಊಟದ ಹೊತ್ತಿಗೆ, ಏನೂ ಕಾರಣವಿಲ್ಲದೆ, ಅವಳು ಹೇಳಿದಳು: “ಒಂದು ಗಂಟಾದ್ರೂ ಹಾಕಿದ್ದಿದ್ರೆ ಅವನು ಇದ್ದ ಅಂತ ಆಗ್ತಿತ್ತು, ಅಲ್ವಾ?” ಅವನು ನೀರಿನ ಲೋಟ ಅವಳ ಕಡೆ ಸರಿಸಿದ.

ಕುಣಿಕೆ ಇತ್ತು, ಅದನ್ನು ಎಳೆದು ಬಿಚ್ಚಿದವನು ನಾನು ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.